ಕಣ್ಣಳತೆ

ಆಲೂಗಡ್ಡೆಯ ಜರಡಿಗೆ ಮೂರು ಕಣ್ಣು:
ಗೋಲಿ, ನಡುವಿನದು, ದಪ್ಪ.
ಇಪ್ಪತ್ತಾರು ವರ್ಷ ಹಾಸನದ ಯಾರ್ಡಿನಲ್ಲಿ ಕೂತು
ಯಾವ ಗಡ್ಡೆ ಯಾವ ಕಣ್ಣಿಂದ ಉದುರುತ್ತದೆಂದು
ಮುಟ್ಟದೆ ಹೇಳಿದವಳು ನಾನು.
ಖಲೀಲ್ ಸಾಬರ ಗಾಜಿನ ಮೇಜಿನ ಮುಂದೆ ಮಾತ್ರ
ಕನ್ನಡಕ ಒರೆಸಿದ್ದೇ ಒರೆಸಿದ್ದು.

"ಇದು ಇಪ್ಪತ್ತೆರಡು," ಅಂದರು.
ಕರಿಮೆಣಸಿನ ಕಾಳಿನಷ್ಟು.
"ಕೈಗೆ ಒದೆಯುವುದಿಲ್ಲ. ಆದರೆ
ಮೈಮೇಲೆ ಬಂದವನು ನಿಲ್ಲುತ್ತಾನೆ ಅನ್ನಲಾರೆ.
ಇದು ಮೂವತ್ತೆರಡು. ಬಾಯಲ್ಲಿರುವ ಹಲ್ಲಿನ ಲೆಕ್ಕ,
ಮರೆತುಹೋಗುವುದಿಲ್ಲ."
ಒಣ ಬಟಾಣಿ.
ಹುಣಸೆ ಬೀಜದಷ್ಟು ದಪ್ಪದ್ದು ಇಲ್ಲವೇ, ಕೇಳಿದೆ.
ನಕ್ಕರು. "ಅದು ಸರ್ಕಾರದ್ದು, ಒಂಬತ್ತು ಎಂಎಮ್ಮೂ ಸರ್ಕಾರದ್ದು.
ನಿಮ್ಮ ನಮ್ಮ ಭಯಕ್ಕೆ ಇಷ್ಟೇ ಮಂಜೂರು."

ಅಷ್ಟು ಮಂಜೂರಾಗಲು ಹದಿನಾಲ್ಕು ತಿಂಗಳು.
ಅರ್ಜಿಯಲ್ಲಿ ಕೇಳಿದ್ದರು: ಜೀವಬೆದರಿಕೆ ಇದೆಯೇ?
ಇದೆ.
ಯಾರಿಂದ?
ಪೆನ್ನು ಎತ್ತಿ ಹಿಡಿದೆ, ಶಾಯಿ ಆರಿತು.
ಗುಮಾಸ್ತ ತಾನೇ ಬರೆದುಕೊಂಡ: ಅಪರಿಚಿತರಿಂದ.

ಆ ರಾತ್ರಿ ಸಂತೇಪೇಟೆ ದಾಟಿ, ಸ್ಕೂಟರಿನ ಕಾಲಬಳಿ
ದಿನದ ಹಣದ ಚೀಲ, ಅದರ ಪಟ್ಟಿ ನನ್ನ ಹೆಗಲಿಗೆ.
ಹಿಂದಿನಿಂದ ಬೈಕು. ಚೀಲ ಹೋಯಿತು, ಪಟ್ಟಿ ಬಿಡಲಿಲ್ಲ,
ಕೊರಳೆಲುಬು ಮುರಿಯುವ ತನಕ ನಾನೂ ಬಿಡಲಿಲ್ಲ.
ಹೆಲ್ಮೆಟ್ಟಿನೊಳಗೆ ಮುಖವಿರಲಿಲ್ಲ.
ಮೂಗಿಗೆ ಬಡಿದದ್ದು ಗೋಣಿತಾಟು, ಕೆಮ್ಮಣ್ಣು,
ಕೊಳೆತ ಗಡ್ಡೆಯ ನಾತ.
ನನ್ನ ಸೀರೆಯದೂ ಅದೇ ವಾಸನೆ.
ಇನ್ಸ್‌ಪೆಕ್ಟರ್ ಕೇಳಿದ್ದು ಗಾಡಿಯ ನಂಬರು.
ಕೇಳದ್ದನ್ನು ನಾನು ಹೇಳಲಿಲ್ಲ.

ಅಂಗಮಾರಿ ಬಿದ್ದ ವರ್ಷ ಅದು.
ಲಾರಿಗಳಿಲ್ಲ, ಮೂಟೆಗಳಿಲ್ಲ,
ಹಮಾಲರಿಗೆ ಅರ್ಧ ಕೂಲಿ ಕೊಟ್ಟಿದ್ದೆ.
ಉಳಿದರ್ಧ ಕೊಡುತ್ತೇನೆಂದು ಹೇಳಿದ್ದೆ.

"ಮುಂಗೈ ತೋರಿಸಿ," ಅಂದರು ಸಾಬರು.
ನಾಡಿ ಹಿಡಿಯುವ ಹಕೀಮನಂತೆ ತಿರುಗಿಸಿ ನೋಡಿ,
"ಮೂಟೆ ಎತ್ತಿದ ಕೈ. ಮೂವತ್ತೆರಡು ತಡೆಯುತ್ತೆ.
ಕ್ಯಾಲಿಬರ್ ಅಂದರೆ ಮತ್ತೇನಲ್ಲಮ್ಮ,
ನಳಿಗೆಯ ತೂತಿನ ಅಳತೆ."
ಈ ಕಡೆ ಸರಿ. ಆ ಕಡೆ?
"ಒಳಗೆ ಹೋಗುವಾಗ ಬಟಾಣಿ.
ಹೊರಗೆ ಬರುವಾಗ..."
ಎಣ್ಣೆಬಟ್ಟೆ ಕೈಗೆತ್ತಿಕೊಂಡರು.
"ಚಹಾ ಹೇಳಲೇ?"

ಮನೆಗೆ ಬಂದು ಒಂದು ತೋಟಾ
ಗೋಲಿಯ ಜರಡಿಗೆ ಹಾಕಿದೆ.
ಕಂಬಿಗೂ ತಾಗದೆ ಬಿತ್ತು.
ನಮ್ಮ ಕಸುಬಿನಲ್ಲಿ ಅಲ್ಲಿಂದ ಬೀಳುವುದಕ್ಕೆ ದರವಿಲ್ಲ,
ಮಣ್ಣು ಅನ್ನುತ್ತೇವೆ, ಸಂಜೆ ಗುಡಿಸುತ್ತೇವೆ.
ಮಂಡಿಯೂರಿ ಮಂಚದಡಿ ಹುಡುಕಿ
ತೆಗೆದಿಟ್ಟೆ. ಲೆಕ್ಕ ಕೊಡಬೇಕಲ್ಲ.

ಶನಿವಾರ ಬಟವಾಡೆ.
ಕೈಗಳು ಸಾಲಾಗಿ ಬರುತ್ತವೆ:
ನಂಜುಂಡಿಯದು, ಅಸ್ಲಮನದು,
ಮಣಿಕಟ್ಟಿಗೆ ಮಾಸಿದ ದಾರ ಕಟ್ಟಿದ ಚಿಕ್ಕೀರನದು.
ಮುಖ ನೋಡಿ ಮಾತಾಡುತ್ತಿದ್ದವಳು
ಈಗ ಬೆರಳು ನೋಡುತ್ತೇನೆ,
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ
ನೋಟು ಎಣಿಸುವಾಗ ತಪ್ಪುತ್ತೇನೆ.
ಒಬ್ಬನಿಗೆ ನೂರು ಹೆಚ್ಚು ಹೋಯಿತು.
ಯಾರೂ ತಿರುಗಿ ಕೊಡಲಿಲ್ಲ.
ಉಳಿದರ್ಧದ ಮಾತು
ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಜಲಂಧರದ ಬೀಜದ ಲಾರಿ ಬಂದ ದಿನ,
ಕತ್ತಲಾದ ಮೇಲೆ, ಚಿಕ್ಕೀರ
ಹೊಸ ಚೀಲವನ್ನು ಸ್ಕೂಟರಿನ ತನಕ ತಂದುಕೊಟ್ಟ.
ಒಮ್ಮೆ ತೂಗಿ ನೋಡಿದ,
ಹಮಾಲನ ತೋಳಿಗೆ ತಕ್ಕಡಿ ಬೇಡ.
"ನೋಟಿನ ಭಾರ ಅಲ್ಲ ಕಣಕ್ಕಾ ಇದು."

ಬಿತ್ತನೆ ಗಡ್ಡೆ ಕಣೋ, ಅಂದೆ,
ಕೀಲಿ ತಿರುಗಿಸುತ್ತ.
ಕಣ್ಣು ಬಿಟ್ಟಿದೆ.